ಅಜ್ಜಿಯ ಬೋರಮಾಳ: ಬಂಗಾರವೋ, ಗಿಲೀಟೋ?

1/9

ಫೋಟೋದಾಗ ಕಾಣ್ತಿರೋದು ನಮ್ಮಜ್ಜಿಯ ಬೋರಮಾಳ. ಬಾರಿ ಹಣ್ಣಿನ ಆಕಾರದ ಗುಂಡುಗಳನ್ನು ದಾರಕ್ಕೆ ಪೋಣಿಸಿದ ಸರ. ನಮ್ಮ ಕಡೆ ಹಳೇ ಮಂದಿ ಮನ್ಯಾಗ ಇಂಥದ್ದು ಒಂದಾದ್ರೂ ಇರ್ತದ. ಆದ್ರ ನಮ್ಮಜ್ಜಿ ಇದನ್ನ ಹಾಕ್ಕೊಂಡಿದ್ದು ನಾವು ಮೊಮ್ಮಕ್ಕಳು ಯಾರೂ ನೋಡಿಲ್ಲ. ಹಳೇ ಬಿಸ್ಕೀಟ್ ಡಬ್ಬಿ ಒಳಗ, ಅರಿವಿ ಸುತ್ತಿ, ಟ್ರಂಕಿನ ತಳದಾಗ ಇಟ್ಟಿದ್ಲು.

ಕಾರಣ ಇದು. 1963ರ ಮೇ ತಿಂಗಳಲ್ಲಿ ಅಜ್ಜಿಯ ಮದುವೆ. ವಯಸ್ಸು ಹದಿನಾರು. ಗುರುಗುಂಟಾಕ್ಕೆ ಸೊಸೆಯಾಗಿ ಬಂದು ತಿಂಗಳು ತುಂಬಿರಲಿಲ್ಲ, ಮನೆಯ ಹಿರಿಯರೊಬ್ಬರು ಈ ಸರವನ್ನು ಅಂಗೈ ಮೇಲೆ ಇಟ್ಟು ತೂಗಿ ನೋಡಿ, ಎಲ್ಲರ ಎದುರು ಅಂದರಂತೆ: "ಇಷ್ಟು ಹಗುರ, ಇಷ್ಟು ಮಂಕು. ಇದು ಬಂಗಾರಲ್ಲ, ಗಿಲೀಟು. ನಿಮ್ಮಪ್ಪ ಜಾತ್ರಿ ಸಾಮಾನು ಹಾಕಿ ಕಳಿಸ್ಯಾನ."

ಅಜ್ಜಿಯ ಅಪ್ಪ ಒಂದು ಜೋಡಿ ಎತ್ತು ಮಾರಿ ಮಾಡಿಸಿದ ಸರ ಅದು. ಅವತ್ತಿನಿಂದ 62 ವರ್ಷ ಆ ಮಾತು ಮನೆಯಲ್ಲಿ ಉಳಿದುಬಿಟ್ಟಿತು. ಅಜ್ಜಿ ಯಾರ ಜೊತೆಗೂ ವಾದ ಮಾಡಲಿಲ್ಲ. ಸರ ತೆಗೆದು ಇಟ್ಟಳು, ಅಷ್ಟೇ.

ಈಗ ಅಕ್ಕನ ಮದುವೆ. ಹಳೇ ಬಂಗಾರ ಎಲ್ಲಾ ಕರಗಿಸಿ ಹೊಸಾದು ಮಾಡಿಸೋದು ಅಂತ ತೀರ್ಮಾನ ಆಗಿದೆ. ಬೋರಮಾಳ ಲೆಕ್ಕಕ್ಕೇ ಬರಲಿಲ್ಲ. "ಅದನ್ನೇನ್ ತರ್ತಿ, ಅದು ಗಿಲೀಟು" ಅಂದ್ರು. ಅಜ್ಜಿ ಎದ್ದು ಒಳಗ ಹೋದ್ಲು.

ನನಗ ತಡಿಲಿಕ್ಕೆ ಆಗಲಿಲ್ಲ. ಇದು ಬಂಗಾರ ಹೌದೋ ಅಲ್ಲೋ ನೋಡೇಬಿಡೋಣ ಅಂತ ಹಿಡ್ಕೊಂಡೆ. ಎರಡು ವಾರ ಹಿಡೀತು. ಒಂದು ಕ್ಯಾಪ್ಷನ್‌ನಾಗ ಮುಗಿಯಂಗಿಲ್ಲ, ಒಂಬತ್ತು ಆಗ್ತಾವ. ಓದ್ರಿ.

2/9

ಮೊದಲು ನಾನೂ ನಿಮ್ಮಂಗ ರೀಲ್ಸ್ ನೋಡ್ದೆ. ಮ್ಯಾಗ್ನೆಟ್, ವಿನೆಗರ್, ನಿಂಬೆಹಣ್ಣು, ಟೂತ್‌ಪೇಸ್ಟ್, ಹಲ್ಲಿಲೆ ಕಚ್ಚೋದು. ಎಲ್ಲಾದಕ್ಕೂ ಲಕ್ಷಗಟ್ಟಲೆ ವ್ಯೂಸ್.

ಮ್ಯಾಗ್ನೆಟ್ ಹಿಡಿದೆ. ಅಂಟಲಿಲ್ಲ. ಖುಷಿಯಾಗಿ ತಂಗಿಗೆ ಹೇಳಿದರೆ ಅವಳು ಅಡುಗೆ ಮನೆಯಿಂದ ಹಿತ್ತಾಳೆ ತಂಬಿಗೆ ತಂದು ಹಿಡಿದಳು. ಅದಕ್ಕೂ ಅಂಟಲಿಲ್ಲ. ತಾಮ್ರಕ್ಕೂ ಇಲ್ಲ, ಬೆಳ್ಳಿಗೂ ಇಲ್ಲ. ಅಂದರೆ ಮ್ಯಾಗ್ನೆಟ್ ಹೇಳೋದು ಒಂದೇ ಮಾತು: ಒಳಗೆ ಕಬ್ಬಿಣ ಇದೆಯೋ ಇಲ್ಲವೋ. ಗಿಲೀಟಿನ ಆಭರಣ ಬಹಳಷ್ಟು ತಾಮ್ರ, ಹಿತ್ತಾಳೆ ಮೇಲೇ ಮಾಡಿರ್ತಾರೆ. ಅದಕ್ಕ ಈ ಪರೀಕ್ಷೆಯಲ್ಲಿ ಪಾಸಾದ್ರ ಏನೂ ಗೊತ್ತಾಗಂಗಿಲ್ಲ, ಫೇಲಾದ್ರ ಮಾತ್ರ ಗೊತ್ತಾಗ್ತದ.

ವಿನೆಗರ್ ಕೂಡ ಹಂಗೇ. ಬಂಗಾರ ಬದಲಾಗಂಗಿಲ್ಲ, ಖರೆ. ಆದ್ರ ಗಿಲೀಟಿನ ಮೇಲಿನ ಪದರೂ ಬಂಗಾರಾನೇ ಅಲ್ಲ? ಆ ಪದರ ಎಷ್ಟು ತೆಳು ಅಂತ ಲೆಕ್ಕ ಹಾಕಿ ನೋಡಿದೆ. ಒಂದು ಗ್ರಾಂ ಬಂಗಾರವನ್ನು ಒಂದು ಮೈಕ್ರಾನ್ ದಪ್ಪಕ್ಕೆ ಹರಡಿದರೆ ಸುಮಾರು 518 ಚದರ ಸೆಂಟಿಮೀಟರ್ ಆಗುತ್ತದೆ. ಒಂದು ಎ4 ಹಾಳೆಯ ಬಹುಪಾಲು ಮುಚ್ಚಬಹುದು! ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಅಂಗಡಿಯಲ್ಲಿ "ಒಂದು ಗ್ರಾಂ ಗೋಲ್ಡ್" ಅಂತ ಮಾರ್ತಾರಲ್ಲ, ಅದರ ಹೊಳಪಿನ ಗುಟ್ಟು ಇಷ್ಟೇ.

ಸ್ವಲ್ಪ ಉಪಯೋಗಕ್ಕೆ ಬಂದದ್ದು ಕಣ್ಣು. ಗಿಲೀಟು ಸವೆಯೋದು ಕೊಂಡಿ, ತೂತಿನ ಅಂಚು, ಒಂದಕ್ಕೊಂದು ತಿಕ್ಕೋ ಜಾಗ. ಅಲ್ಲಿ ಕೆಂಪೋ ಬಿಳಿಯೋ ಇಣುಕುತ್ತದೆ. ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ಗುಂಡಿನ ತೂತಿನ ಅಂಚು ನೋಡಿದೆ. (ಎರಡನೇ ಫೋಟೋ.) ಒಳಗೂ ಹೊರಗೂ ಒಂದೇ ಬಣ್ಣ. ಮಂಕು, ಸ್ವಲ್ಪ ಕೆಂಪು ಛಾಯೆ, ಆದರೆ ಒಂದೇ ಬಣ್ಣ.

ಇಲ್ಲಿಂದ ನನಗ ಡೌಟ್ ಶುರುವಾಯ್ತು.

3/9

ಮುಂದಿನದು ಆರ್ಕಿಮಿಡೀಸ್. ರಾಜನ ಕಿರೀಟದ ಕಥಿ ಎಲ್ಲರಿಗೂ ಗೊತ್ತದ, ಸ್ನಾನದ ತೊಟ್ಟಿಯಿಂದ ಎದ್ದು ಓಡಿದ್ದು ಇನ್ನೂ ಚಲೋ ಗೊತ್ತದ. ಲೆಕ್ಕ ಮಾತ್ರ ಯಾರಿಗೂ ನೆನಪಿರಂಗಿಲ್ಲ.

ಒಂದು ಘನ ಸೆಂಟಿಮೀಟರ್ ಶುದ್ಧ ಬಂಗಾರ 19.3 ಗ್ರಾಂ ತೂಗುತ್ತದೆ. ಬೆಳ್ಳಿ 10.5. ತಾಮ್ರ ಸುಮಾರು 9. ಹಿತ್ತಾಳೆ 8.5ರ ಆಸುಪಾಸು. 22 ಕ್ಯಾರಟ್ ಬಂಗಾರ 17ರ ಮೇಲೆ. ಆದ್ದರಿಂದ ತೂಕ ಮತ್ತು ಗಾತ್ರ ಎರಡೂ ಗೊತ್ತಾದರೆ ಲೋಹ ಯಾವುದು ಅಂತ ಅಂದಾಜು ಸಿಗುತ್ತದೆ.

ಮಾಡೋದು ಸುಲಭ. ಸಣ್ಣ ಡಿಜಿಟಲ್ ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ಆಭರಣವನ್ನು ದಾರಕ್ಕೆ ಕಟ್ಟಿ, ತಳಕ್ಕೆ ತಾಗದಂಗ ನೀರಿನಲ್ಲಿ ಮುಳುಗಿಸಿ. ತಕ್ಕಡಿ ಎಷ್ಟು ಗ್ರಾಂ ತೋರಿಸುತ್ತದೋ ಅಷ್ಟು ಘನ ಸೆಂಟಿಮೀಟರ್ ಅದರ ಗಾತ್ರ. ಮೊದಲು ಒಣಗಿದ್ದಾಗ ತೂಗಿದ್ದನ್ನು ಇದರಿಂದ ಭಾಗಿಸಿ.

ಬೋರಮಾಳ ತೂಗಿದ್ದು 18.6 ಗ್ರಾಂ. ನೀರಿನಲ್ಲಿ 4.1. ಭಾಗಿಸಿದರೆ ಸುಮಾರು 4.5.

ನಾಲ್ಕೂವರೆ! ನನ್ನ ಎದೆ ಧಸಕ್ ಅಂತು. ಬಂಗಾರದ ಹತ್ರಾನೂ ಇಲ್ಲ. ಹಿರಿಯರು ಹೇಳಿದ್ದೇ ಖರೆ ಆಯ್ತಲ್ಲ ಅಂತ ಸುಮ್ಮನೆ ಕೂತೆ. ಅಜ್ಜಿಗೆ ಹೇಳಲಿಲ್ಲ.

ರಾತ್ರಿ ಮಲಗಿದಾಗ ತಲೆಗೆ ಹೊಳೀತು. ಗಿಲೀಟು ಆಗಿದ್ರ 8.5 ಬರಬೇಕಿತ್ತು. ಇದು ಹಿತ್ತಾಳೆಗಿಂತ ಅರ್ಧ. ಯಾವ ಹಿತ್ತಾಳೆ ಇಷ್ಟು ಹಗುರ ಇರ್ತದ? ಅಂದರೆ ಒಳಗೆ ಲೋಹವೇ ಅಲ್ಲದ್ದು ಏನೋ ಇದೆ. ಈ ಪರೀಕ್ಷೆ ಗಟ್ಟಿ ವಸ್ತುವಿಗೆ ಮಾತ್ರ ಸರಿ. ಉಂಗುರಕ್ಕೆ, ಬಳೆಗೆ ಓಕೆ. ಟೊಳ್ಳು ಗುಂಡಿಗೆ ಸುಳ್ಳು ಹೇಳುತ್ತದೆ.

ಮನೆ ಪರೀಕ್ಷೆ ಇಲ್ಲಿಗೆ ಮುಗೀತು. ಉಳಿದದ್ದು ಒರೆಗಲ್ಲು. ಲಿಂಗಸುಗೂರಿನಲ್ಲಿ ಹಳೇ ಅಕ್ಕಸಾಲಿಗರೊಬ್ಬರು ಇದ್ದಾರೆ, ಅವರ ಕಡೆ ಹೋಗು ಅಂತ ದೋಸ್ತನ ಅಪ್ಪ ಹೇಳಿದರು. ಅವರು ಊರಾಗ ಇರಲಿಲ್ಲ. ಒಂದು ವಾರ ಕಾಯಬೇಕಾಯ್ತು. ಆ ವಾರ ಓದಿದ್ದು ಮುಂದಿನ ಮೂರು ಕ್ಯಾಪ್ಷನ್.

4/9

ನಾವು ಕುಂತಿರೋ ನೆಲದ ಬಗ್ಗೆ ಮೊದಲು.

ಹಟ್ಟಿ ಚಿನ್ನದ ಗಣಿ ನಮಗ ಪಕ್ಕದೂರು. ನಮ್ಮ ಕ್ಲಾಸಿನಾಗ ಅರ್ಧ ಮಂದಿಯ ಸಂಬಂಧಿಕರು ಅಲ್ಲಿ ಕೆಲಸ ಮಾಡ್ಯಾರ. ಗುರುಗುಂಟಾ ಆಗ ನಿಜಾಮರ ಕೈಕೆಳಗಿನ ಒಂದು ಸಂಸ್ಥಾನ. ಹಟ್ಟಿಯಲ್ಲಿ ಇಪ್ಪತ್ತನೇ ಶತಮಾನದ ಶುರುವಿಗೆ ಬ್ರಿಟಿಷ್ ಕಂಪನಿಯವರು ಗಣಿ ತೋಡಿದರು, ಕೆಲವು ವರ್ಷಕ್ಕೆ ಬಿಟ್ಟು ಹೋದರು. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿ ಅಂತ ಮತ್ತೆ ಶುರುವಾಯಿತು. ಅಜ್ಜಿ ಹುಟ್ಟಿದ್ದೂ ಅದೇ ವರ್ಷ. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಹೆಸರು ಹಟ್ಟಿ ಅಂತಾಯಿತು. 2001ರಲ್ಲಿ ಕೋಲಾರದ ಗಣಿ ಮುಚ್ಚಿದ ಮೇಲೆ ದೇಶದಲ್ಲಿ ಹೆಸರು ಹೇಳುವಂಥ ಬಂಗಾರದ ಗಣಿ ಅಂದರೆ ಇದೇ.

ಆದರೆ ಆ ಬ್ರಿಟಿಷರು ಬಂದಾಗ ಅಲ್ಲಿ ಆಗಲೇ ತೋಡಿದ ಗುಂಡಿಗಳಿದ್ದವು. ಯಾರೋ ಹಳಬರು ಸುಮಾರು 640 ಅಡಿ ಆಳದವರೆಗೆ ಬಂಗಾರದ ಎಳೆ ಹಿಡಿದು ಇಳಿದಿದ್ದರು. ಡೈನಮೈಟ್ ಇಲ್ಲ, ಪಂಪ್ ಇಲ್ಲ. ಬಂಡೆಗೆ ಬೆಂಕಿ ಹಾಕಿ ಕಾಯಿಸಿ, ನೀರು ಸುರಿದು ಬಿರುಕು ಬಿಡಿಸಿ, ಒಡೆದು, ಕಲ್ಲಿನ ಒರಳಿನಲ್ಲಿ ಕುಟ್ಟಿ ಪುಡಿ ಮಾಡಿ, ನೀರಿನಲ್ಲಿ ಜಾಲಿಸಿ ಬಂಗಾರ ತೆಗೆಯುತ್ತಿದ್ದರು. ಆ ಹಳೇ ಗಣಿಯೊಳಗೆ ಸಿಕ್ಕ ಕಟ್ಟಿಗೆಯನ್ನು ಕಾರ್ಬನ್ ಪರೀಕ್ಷೆ ಮಾಡಿದಾಗ ಸುಮಾರು ಎರಡು ಸಾವಿರ ವರ್ಷದ ಹಿಂದಿನದು ಅಂತ ಬಂತು. 640 ಅಡಿ ಕೆಳಗ, ದೀಪದ ಬೆಳಕಿನಾಗ, ಬೆಂಕಿ ಹೊಗೆಯಾಗ! ಅವರ ಹೆಸರು ಒಂದೂ ಉಳಿದಿಲ್ಲ.

ಇನ್ನ ಮಸ್ಕಿ. 1915ರಲ್ಲಿ ಸಿ. ಬೀಡನ್ ಅನ್ನೋ ಇಂಜಿನಿಯರ್ ನಮ್ಮ ಸೀಮೆಯಲ್ಲಿ ಬಂಗಾರ ಹುಡುಕುತ್ತ ತಿರುಗುತ್ತಿದ್ದ. ಮಸ್ಕಿಯ ಗುಡ್ಡದಲ್ಲಿ ಅವನಿಗೆ ಕಂಡದ್ದು ಬಂಡೆ ಮೇಲಿನ ಅಕ್ಷರ. ಅದುವರೆಗೆ ಸಿಕ್ಕ ಶಾಸನಗಳಲ್ಲಿ "ದೇವಾನಾಂಪ್ರಿಯ" ಅಂತ ಬಿರುದು ಇತ್ತೇ ಹೊರತು ರಾಜನ ಹೆಸರಿರಲಿಲ್ಲ. ಮಸ್ಕಿಯಲ್ಲಿ ಅಶೋಕ ಅನ್ನೋ ಹೆಸರೇ ಇತ್ತು. ಬಂಗಾರ ಹುಡುಕಲಿಕ್ಕೆ ಬಂದವನಿಗೆ ಅಶೋಕ ಸಿಕ್ಕ. (ಸ್ಕೂಲ್ ಟ್ರಿಪ್‌ನಾಗ ಅಲ್ಲಿ ಹೋದಾಗ ನಾವು ಬರೀ ಸೆಲ್ಫಿ ತೊಗೊಂಡು ಬಂದ್ವಿ. ನಾಚಿಕಿ ಆಗ್ತದ.)

ಅಶೋಕನ ಕಾಲದಲ್ಲಿ ದಕ್ಷಿಣದ ಆಡಳಿತ ಕೇಂದ್ರದ ಹೆಸರು ಸುವರ್ಣಗಿರಿ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಶಾಸನದಲ್ಲಿ ಆ ಹೆಸರು ಬರುತ್ತದೆ. ಅದು ನಮ್ಮ ಪಕ್ಕದ ಕನಕಗಿರಿ ಅಂತ ಕೆಲವರು, ಮಸ್ಕಿ ಅಂತ ಕೆಲವರು, ಆಂಧ್ರದ ಜೊನ್ನಗಿರಿ ಅಂತ ಇನ್ನು ಕೆಲವರು. ಯಾವುದಾದರೂ ಇರಲಿ, ಮೌರ್ಯರು ಇಷ್ಟು ದೂರ ಬರಲು ನಮ್ಮ ನೆಲದೊಳಗಿನ ಬಂಗಾರವೂ ಒಂದು ಕಾರಣ ಅಂತ ಬಹಳ ವಿದ್ವಾಂಸರು ಹೇಳುತ್ತಾರೆ. ನನಗೂ ಹಂಗ ಅನಿಸ್ತದ.

5/9

ಬಂಗಾರ ಸಿಕ್ಕಲ್ಲಿ ಮೋಸವೂ ಹುಟ್ಟುತ್ತದೆ. ಅದನ್ನು ಹಿಡಿಯಲು ಒಂದು ಕಲ್ಲು.

ಒರೆಗಲ್ಲು ಅಂದರೆ ನುಣುಪಾದ, ಗಟ್ಟಿ, ಕಪ್ಪು ಕಲ್ಲು. ಬಂಗಾರ ಉಜ್ಜಿದರೆ ಗೆರೆ ಬೀಳುತ್ತದೆ. ಪಕ್ಕದಲ್ಲಿ ಗೊತ್ತಿರೋ ಬಂಗಾರದ ಗೆರೆ ಎಳೆದು ಬಣ್ಣ ಹೋಲಿಸಬೇಕು. ಗ್ರೀಕರು ಇದನ್ನು ಲಿಡಿಯಾದ ಕಲ್ಲು ಅಂತ ಕರೆದರು. ಲಿಡಿಯಾ ಅಂದರೆ ಈಗಿನ ಟರ್ಕಿಯಲ್ಲಿದ್ದ, ಮೊದಮೊದಲ ನಾಣ್ಯಗಳನ್ನು ಹೊಡೆದ ರಾಜ್ಯ.

ನಮ್ಮಲ್ಲಿ ಇದರ ಬಗ್ಗೆ ಬಹಳ ವಿವರವಾಗಿ ಬರೆದದ್ದು ಕೌಟಿಲ್ಯನ ಅರ್ಥಶಾಸ್ತ್ರ. ಶತಮಾನಗಟ್ಟಲೆ ಕಣ್ಮರೆಯಾಗಿದ್ದ ಆ ಪುಸ್ತಕದ ತಾಳೆಗರಿ 1905ರಲ್ಲಿ ಸಿಕ್ಕಿದ್ದು ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ, ಆರ್. ಶಾಮಶಾಸ್ತ್ರಿಗಳ ಕೈಗೆ. 1909ರಲ್ಲಿ ಅಚ್ಚಾಯಿತು, ಇಂಗ್ಲಿಷ್ ಅನುವಾದ 1915ರಲ್ಲಿ ಬಂತು. ಹೌದು, ಮಸ್ಕಿಯ ಅಶೋಕ ಸಿಕ್ಕ ಅದೇ ವರ್ಷ.

ಅದರಲ್ಲಿ ಬಂಗಾರದ ಕೆಲಸ ನಡೆಯುವ ಸರ್ಕಾರಿ ಕಟ್ಟಡಕ್ಕೆ ಅಕ್ಷಶಾಲೆ ಅಂತ ಹೆಸರು. ನಮ್ಮ ಅಕ್ಕಸಾಲೆ, ಅಕ್ಕಸಾಲಿಗ ಅನ್ನೋ ಮಾತು ಅದೇ. ಒಳಗೆ ಕೆಲಸ ಇಲ್ಲದವರು ಕಾಲಿಡುವಂತಿಲ್ಲ. ಕೆಲಸಗಾರರು ಬರುವಾಗ, ಹೋಗುವಾಗ ಮೈ ತಪಾಸಣೆ.

ನನಗೆ ಬಹಳ ಸೇರಿದ್ದು ಕಲ್ಲಿನ ಬಗ್ಗೆ ಹೇಳಿರೋದು. ಕಳಿಂಗದ ಕಲ್ಲು, ಇಲ್ಲವೆ ತಾಪಿ ನದಿಯ ಹೆಸರುಕಾಳು ಬಣ್ಣದ ಕಲ್ಲು ಉತ್ತಮವಂತೆ. ಆಮೇಲೆ ಒಂದು ಗುಟ್ಟು: ಆನೆಯ ಮೈಬಣ್ಣದ, ಸ್ವಲ್ಪ ಹಸಿರು ಛಾಯೆಯ, ಬಣ್ಣವನ್ನು ಹೆಚ್ಚಿಸಿ ತೋರಿಸುವ ಕಲ್ಲು ಮಾರುವವನಿಗೆ ಒಳ್ಳೆಯದು. ಗಡಸಾದ, ಒರಟಾದ, ಬಣ್ಣ ಹೆಚ್ಚಿಸದ ಕಲ್ಲು ಕೊಳ್ಳುವವನಿಗೆ ಒಳ್ಳೆಯದು. ಅಂದ್ರ ಬಂಗಾರ ಅದೇ ಇದ್ರೂ ಕಲ್ಲು ಯಾರದು ಅನ್ನೋದರ ಮೇಲೆ ಉತ್ತರ ಬದಲಾಗ್ತದ! ಕೈಗೆ ಏನೇನೋ ಹಚ್ಚಿಕೊಂಡು ಬಂಗಾರ ಮುಟ್ಟಿ, ಅದು ಬಿಳಿಚಿಕೊಂಡು ಕಾಣುವಂತೆ ಮಾಡುವ ಉಪಾಯವೂ ಅಲ್ಲಿ ಬರೆದಿದೆ. ಕಡಿಮೆ ದರಕ್ಕೆ ಕೊಳ್ಳುವವರ ಕೈಚಳಕ.

ಇಂಥದ್ದೊಂದು ಕಲ್ಲು ಸಮುದ್ರ ದಾಟಿಯೂ ಹೋಗಿದೆ. ಥಾಯ್ಲೆಂಡಿನ ಕ್ರಾಬಿ ಪ್ರಾಂತ್ಯದ ಖುವಾನ್ ಲುಕ್ ಪಾಟ್ ಅನ್ನೋ ಜಾಗದಲ್ಲಿ ಸಣ್ಣ ಒರೆಗಲ್ಲು ಸಿಕ್ಕಿತು. ಅದರ ಮೇಲೆ ತಮಿಳು ಬ್ರಾಹ್ಮಿ ಅಕ್ಷರದಲ್ಲಿ "ಪೆರುಂಪತ್ತನ್ ಕಲ್" ಅಂತ ಬರೆದಿದೆ. ದೊಡ್ಡ ಅಕ್ಕಸಾಲಿಗನ ಕಲ್ಲು ಅಂತ ಅರ್ಥ. ಸುಮಾರು 1700 ವರ್ಷ ಹಳೆಯದು. ತನ್ನ ಕಲ್ಲು ಬೇರೆಯವರ ಕಲ್ಲಿನ ಜೊತೆ ಅದಲು ಬದಲಾಗಬಾರದು ಅಂತ ಹೆಸರು ಹಾಕಿಸಿದನೇನೋ. ನಾವು ಟಿಫಿನ್ ಡಬ್ಬಿ ಮೇಲೆ ಬರೆಸ್ತೀವಲ್ಲ, ಹಂಗ.

6/9

ಇದು ಸಣ್ಣದು. ಗಣಿತ ಅಂದ್ರ ಓಡಬ್ಯಾಡ್ರಿ, ಮುಂದ ಬೇಕಾಗ್ತದ.

ಈಗ ಶುದ್ಧ ಬಂಗಾರ ಅಂದರೆ 24 ಕ್ಯಾರಟ್. ಹಳೇ ಪುಸ್ತಕಗಳಲ್ಲಿ 16 ವರ್ಣ. ವರ್ಣ ಅಂದರೆ ಬಣ್ಣ, ಒರೆಗಲ್ಲಿನ ಮೇಲೆ ಬೀಳೋ ಬಣ್ಣ. ನಮ್ಮ ಮಳಖೇಡದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೇ ಶತಮಾನದಲ್ಲಿ, ಮಹಾವೀರಾಚಾರ್ಯ ಬರೆದ ಗಣಿತಸಾರಸಂಗ್ರಹದಲ್ಲಿ ಬಂಗಾರ ಬೆರೆಸೋ ಲೆಕ್ಕಕ್ಕೇ ಒಂದು ವಿಭಾಗ ಇದೆ. ಉದಾಹರಣೆ ನಾನೇ ಮಾಡ್ತೀನಿ: 16 ವರ್ಣದ್ದು 4 ತೊಲೆ, 10 ವರ್ಣದ್ದು 2 ತೊಲೆ ಸೇರಿಸಿ ಕರಗಿಸಿದರೆ? 64 ಮತ್ತು 20, ಒಟ್ಟು 84. ಆರು ತೊಲೆಗೆ ಭಾಗಿಸಿದರೆ 14 ವರ್ಣ. ಈಗಿನ ಮಾತಲ್ಲಿ 21 ಕ್ಯಾರಟ್. ಇಷ್ಟೇ.

ತೊಲೆಗೆ 96 ಗುಲಗಂಜಿ. ಕ್ಯಾರಟ್ ಅನ್ನೋ ಮಾತು ಬಂದದ್ದೂ ಕ್ಯಾರಬ್ ಅನ್ನೋ ಗಿಡದ ಬೀಜದಿಂದ. ಬಂಗಾರ ತೂಗಲಿಕ್ಕೆ ಇಲ್ಲೂ ಬೀಜ, ಅಲ್ಲೂ ಬೀಜ.

7/9

ಅಕ್ಕಸಾಲಿಗರು ಬಂದರು. ಅಜ್ಜಿನೂ ಬರ್ತೀನಿ ಅಂದ್ಲು. ಬಸ್ಸಿನಾಗ ಡಬ್ಬಿ ಎದಿಗೆ ಅವಚಿಕೊಂಡು ಕುಂತಿದ್ಲು, ಒಂದು ಮಾತಿಲ್ಲ.

ಅವರು ಸರ ಕೈಗೆ ತೊಗೊಂಡು, ಕಿವಿ ಹತ್ತಿರ ಹಿಡಿದು ಉಗುರಿನಿಂದ ಒಂದು ಗುಂಡು ತಟ್ಟಿದರು. ನಕ್ಕರು. "ಅರಗು ಐತಿ" ಅಂದರು.

ನನ್ನ ನಾಲ್ಕೂವರೆ ಲೆಕ್ಕ ಅಲ್ಲೇ ಬಿಡಿಸ್ತು. ಬೋರಮಾಳದ ಗುಂಡು ತೆಳು ತಗಡಿನಿಂದ ಮಾಡೋದು, ಒಳಗೆ ಅರಗು ತುಂಬೋದು. ಅರಗಿಲ್ಲದಿದ್ದರೆ ಒತ್ತಿದರೆ ನೆಗ್ಗುತ್ತದೆ. ಕಡಿಮೆ ಬಂಗಾರದಲ್ಲಿ ದೊಡ್ಡ ಗುಂಡು ಆಗಬೇಕು ಅಂದರೆ ಇದೇ ದಾರಿ. ಮೋಸ ಅಲ್ಲ, ಅದು ಆ ಆಭರಣದ ಪದ್ಧತಿ. ಅಂಗೈ ಮೇಲೆ ತೂಗಿ "ಹಗುರ" ಅಂದ ಹಿರಿಯರ ಅರ್ಧ ಮಾತು ಇಲ್ಲೇ ಬಿದ್ದು ಹೋಯಿತು.

ಇನ್ನು "ಮಂಕು".

ಅವರ ಒರೆಗಲ್ಲು ಅಂಗೈಯಷ್ಟು ಉದ್ದ, ನಡುವೆ ಸವೆದು ತಗ್ಗಾಗಿದೆ. ಅವರ ಅಜ್ಜನದಂತೆ. ಗುಂಡಿನ ಒಂದು ಮೂಲೆ ಅರದಿಂದ ಚೂರು ಸವರಿ, ಆ ಜಾಗವನ್ನೇ ಉಜ್ಜಿದರು. ಯಾಕಂದರೆ ಮೇಲೆ ಗಿಲೀಟಿದ್ದರೆ ಬರೀ ಅದರದ್ದೇ ಗೆರೆ ಬೀಳುತ್ತದೆ, ಒಳಗಿನದು ಗೊತ್ತಾಗುವುದಿಲ್ಲ. ಪಕ್ಕದಲ್ಲಿ ಮಾದರಿ ಕಡ್ಡಿಗಳ ಗೆರೆ: 22, 18, 14. ಕೊನೆಗೆ ಒಂದು ಹಿತ್ತಾಳೆ ಗೆರೆ, ನನಗೆ ತೋರಿಸಲಿಕ್ಕೆ.

ಗಾಜಿನ ಕಡ್ಡಿಯಿಂದ ಆಸಿಡ್ ಹನಿ ಎಳೆದರು. ಹಿತ್ತಾಳೆ ಗೆರೆ ಹಸಿರು ನೊರೆ ಬಂದು ನೋಡ್ತಾ ನೋಡ್ತಾ ಮಾಯ. ಅಜ್ಜಿಯ ಗೆರೆ ಉಳೀತು! ನಾನು ಅಜ್ಜಿ ಕೈ ಹಿಡ್ಕೊಂಡೆ. ಆಮೇಲೆ ಇನ್ನೊಂದು ಸೀಸೆಯ ಜೋರು ಆಸಿಡ್ ಎಳೆದರು. 22ರ ಗೆರೆ ಹಂಗೇ ಇತ್ತು. 18ರದ್ದೂ ಇತ್ತು. ಅಜ್ಜಿಯದು ಮಸುಕಾಗುತ್ತಾ ಹೋಯಿತು, 14ರ ಕಡ್ಡಿಯ ಗೆರೆ ಜೊತೆಗೇ.

(ಇದನ್ನ ಮನ್ಯಾಗ ಮಾಡಲಿಕ್ಕೆ ಹೋಗಬ್ಯಾಡ್ರಿ. ಅದು ನೈಟ್ರಿಕ್ ಆಸಿಡ್. ಚರ್ಮ ಸುಡ್ತದ, ಹೊಗಿ ಕುಡಿದ್ರ ಪುಪ್ಪುಸಕ್ಕೆ ಕೆಟ್ಟದ್ದು. ಅವರ ಬೆರಳ ತುದಿ ನೋಡಿದ್ರ ಗೊತ್ತಾಗ್ತದ.)

"ಬಂಗಾರ ಹೌದು. ಆದ್ರ ಹದಿನಾಲ್ಕು" ಅಂದರು. ಆಮೇಲೆ ಅಜ್ಜಿ ಕಡೆ ತಿರುಗಿ ಕೇಳಿದರು: "ಅಮ್ಮಾ, ನಿಮ್ಮ ಮದುವಿ ಯಾವ ಇಸ್ವಿ?"

8/9

1963 ಅಂದ ಕೂಡಲೇ ಅವರು ಕನ್ನಡಕ ತೆಗೆದರು. "ನಮ್ಮಪ್ಪ ಆ ವರ್ಷ ಅಂಗಡಿ ಮುಚ್ಚಿ ಕೂಲಿಗೆ ಹೋದ" ಅಂದರು.

ಇದು ನಮ್ಮ ಪಠ್ಯಪುಸ್ತಕದಾಗ ಇಲ್ಲ, ಅದಕ್ಕ ಬಿಡಿಸಿ ಹೇಳ್ತೀನಿ.

1962ರ ಅಕ್ಟೋಬರ್, ನವೆಂಬರಿನಲ್ಲಿ ಚೀನಾ ಜೊತೆ ಯುದ್ಧ. ದೇಶದ ಹತ್ತಿರ ವಿದೇಶಿ ಹಣ ಇಲ್ಲ. ಜನರಿಗೆ ಬಂಗಾರ ಬೇಕು, ಅದು ಕಳ್ಳಸಾಗಣೆಯಲ್ಲಿ ಬರುತ್ತಿತ್ತು. ಬಂಗಾರದ ಆಸೆ ಕಡಿಮೆ ಮಾಡಬೇಕು ಅಂತ ಆಗಿನ ಹಣಕಾಸು ಮಂತ್ರಿ ಮೊರಾರ್ಜಿ ದೇಸಾಯಿ 1963ರ ಜನವರಿಯಲ್ಲಿ ಬಂಗಾರ ನಿಯಂತ್ರಣ ನಿಯಮ ತಂದರು. ಅದರ ಮುಖ್ಯ ಮಾತು: ಇನ್ನು ಮುಂದೆ ಮಾಡುವ ಆಭರಣ 14 ಕ್ಯಾರಟ್ ಮೀರಬಾರದು.

14 ಅಂದರೆ 24ರಲ್ಲಿ 14 ಪಾಲು, ನೂರಕ್ಕೆ 58 ಚಿಲ್ಲರೆ. ಉಳಿದದ್ದು ತಾಮ್ರ, ಬೆಳ್ಳಿ. ಬಣ್ಣ ಮಂಕಾಗುತ್ತದೆ, ತಾಮ್ರ ಹೆಚ್ಚಾದರೆ ಕೆಂಪು ಹೊಡೆಯುತ್ತದೆ. ಗಡಸೂ ಆಗುತ್ತದೆ. ಮೆತ್ತಗಿನ 22 ಕ್ಯಾರಟ್ ಬಡಿದು, ಎಳೆದು ಅಭ್ಯಾಸವಿದ್ದ ಕೈಗಳಿಗೆ ಅದು ಬಗ್ಗುವುದಿಲ್ಲ. ಕೊಳ್ಳುವವರಿಗೆ ನೋಡಿದ ಕೂಡಲೇ ಗಿಲೀಟು ಅನಿಸುತ್ತದೆ. ಯಾರೂ ಕೊಳ್ಳಲಿಲ್ಲ. ದೇಶದ ತುಂಬ ಲಕ್ಷಗಟ್ಟಲೆ ಅಕ್ಕಸಾಲಿಗರು ಕೆಲಸ ಕಳೆದುಕೊಂಡರು. ಬೇರೆ ಕಸುಬು ಗೊತ್ತಿಲ್ಲ, ಹೊಲ ಇಲ್ಲ. ಕೆಲವರು ಜೀವ ಕಳೆದುಕೊಂಡ ಸುದ್ದಿ ಪಾರ್ಲಿಮೆಂಟಿನಲ್ಲಿ ಗದ್ದಲ ಎಬ್ಬಿಸಿತು. ಸರ್ಕಾರ ನಿಯಮಗಳನ್ನು ಒಂದೊಂದಾಗಿ ಸಡಿಲಿಸಿತು. 14ರ ಮಿತಿ 1966ರಲ್ಲಿ ಹೋಯಿತು. 1968ರಲ್ಲಿ ಬಂಗಾರ ನಿಯಂತ್ರಣ ಕಾಯ್ದೆ ಬೇರೆ ರೂಪದಲ್ಲಿ ಬಂತು, 1990ರಲ್ಲಿ ಅದನ್ನೂ ರದ್ದು ಮಾಡಿದರು.

ಹಳ್ಳಿಗಳಲ್ಲಿ ಕದ್ದುಮುಚ್ಚಿ 22 ಕ್ಯಾರಟ್ ಮಾಡಿಸಿಕೊಂಡವರೂ ಇದ್ದರಂತೆ. ಕಾನೂನಿಗೆ ಹೆದರಿದವರು 14ರಲ್ಲೇ ಮಾಡಿಸಿದರು. ಅಜ್ಜಿಯ ಅಪ್ಪ ಹೆದರುವ ಮನುಷ್ಯ. ಪೊಲೀಸ್ ಆ್ಯಕ್ಷನ್ ಕಾಲ ನೋಡಿದವನು, ಖಾಕಿ ಕಂಡರೆ ಮನೆ ಒಳಗೆ ಹೋಗುತ್ತಿದ್ದ ಅಂತ ಅಜ್ಜಿನೇ ಹೇಳ್ತಾಳ.

ಸುಮ್ಮನೆ ಯೋಚನೆ ಮಾಡ್ರಿ. ಈ ಕಡೆ ಹಟ್ಟಿಯಲ್ಲಿ ಬಂಡೆ ಒಡೆದು ಬಂಗಾರ ತೆಗೀತಿದ್ದಾರೆ. ಪಕ್ಕದ ಊರಿನ ಅಕ್ಕಸಾಲಿಗ ಮಗಳ ಮದುವೆಯ ಸರಕ್ಕೆ 22 ಕ್ಯಾರಟ್ ಹಾಕಿದರೆ ಅಪರಾಧಿ.

9/9

ಒಂದು ಅನುಮಾನ ನಿಮಗೂ ಬಂದಿರಬೇಕು. ಅಕ್ಕಸಾಲಿಗನೇ ತಾಮ್ರ ಬೆರೆಸಿ ಮೋಸ ಮಾಡಿದ್ದಿರಬಹುದಲ್ಲ? ಇರಬಹುದು. ರಸೀದಿ ಇಲ್ಲ. ಆದ್ದರಿಂದ ಮಶೀನಿಗೂ ಹಾಕಿಸಿದೆ. ಎಕ್ಸ್‌ರೇ ಬಿಟ್ಟು ಲೋಹ ಯಾವುದು, ಎಷ್ಟು ಅಂತ ಹೇಳುವ ಯಂತ್ರ, ಕ್ಯಾರಟ್ ಮೀಟರ್ ಅಂತಾರೆ. ಅದು ಮೇಲ್ಮೈ ಮಾತ್ರ ಓದುತ್ತದೆ, ದಪ್ಪ ಗಿಲೀಟು ಇದ್ದರೆ ಮೋಸ ಹೋಗಬಹುದು. ಅದಕ್ಕೆ ಅರ ಹಾಕಿದ ಜಾಗದಲ್ಲೇ ಹಿಡಿಸಿದೆ. ಮೂರು ಗುಂಡು, ಮೂರರಲ್ಲೂ 58ರ ಆಸುಪಾಸು. ಮೋಸ ಮಾಡುವವನು ಸರಿಯಾಗಿ ಸರ್ಕಾರದ ಮಿತಿಗೆ ತಂದು ನಿಲ್ಲಿಸಿ ಯಾಕೆ ಬೆರೆಸುತ್ತಾನೆ? ಅದೂ ಆ ನಿಯಮ ಬಂದ ನಾಲ್ಕೇ ತಿಂಗಳಿಗೆ? ನನಗಂತೂ ಇಷ್ಟು ಸಾಕು.

ಲೆಕ್ಕ: 18.6 ಗ್ರಾಮಿನಲ್ಲಿ ಅರಗು ಸುಮಾರು ಮೂರು. ಲೋಹ ಹದಿನೈದು ಚಿಲ್ಲರೆ. ಅದರಲ್ಲಿ ಅಪ್ಪಟ ಬಂಗಾರ ಒಂಬತ್ತು ಗ್ರಾಂ.

ನಿಮ್ಮ ಮನ್ಯಾಗೂ ಇಂಥ ಡಬ್ಬಿ ಇದ್ರ ಎರಡು ಮಾತು. ಒಂದು, ಕೆಡಿಎಂ ಅಂತ ಮುದ್ರೆ ಇದ್ದರೆ ಅದು ಶುದ್ಧತೆಯ ಗುರುತಲ್ಲ. ಕ್ಯಾಡ್ಮಿಯಂ ಬೆಸುಗೆ ಹಾಕಿದ್ದಾರೆ ಅಂತಷ್ಟೇ. ಅದರ ಹೊಗೆ ಅಕ್ಕಸಾಲಿಗರ ಪುಪ್ಪುಸ ಹಾಳು ಮಾಡುತ್ತಿತ್ತು. ಎರಡು, ಸರ್ಕಾರದ ಹಾಲ್‌ಮಾರ್ಕ್ ಶುರುವಾದದ್ದೇ 2000ದಲ್ಲಿ, ಕಡ್ಡಾಯ ಆಗಲಿಕ್ಕೆ ಹತ್ತಿದ್ದು 2021ರ ಜೂನ್ 16ರಿಂದ. ಈಗ ಹೊಸ ಆಭರಣದ ಮೇಲೆ ಬಿಐಎಸ್ ಗುರುತು, 22ಕೆ 916 ಅಂತ ಶುದ್ಧತೆ, ಆರು ಅಕ್ಷರ ಅಂಕಿಗಳ ಎಚ್‌ಯುಐಡಿ ಇರಬೇಕು. ಆ ನಂಬರನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಬಹುದು. ಆದರೆ ಅಜ್ಜಿ, ಮುತ್ತಜ್ಜಿ ಕಾಲದ್ದರ ಮೇಲೆ ಏನೂ ಇರುವುದಿಲ್ಲ. ಮುದ್ರೆ ಇಲ್ಲ ಅಂದ ಮಾತ್ರಕ್ಕೆ ಗಿಲೀಟು ಅಂತ ಬಿಸಾಕಬ್ಯಾಡ್ರಿ. ಮಾನ್ಯತೆ ಇರೋ ಪರೀಕ್ಷಾ ಕೇಂದ್ರಕ್ಕೆ ತೊಗೊಂಡು ಹೋಗ್ರಿ, ಒಬ್ಬರೇ ಒಬ್ಬರ ಮಾತು ನಂಬಬ್ಯಾಡ್ರಿ.

ತಮಾಷಿ ಅಂದ್ರ, ಇವತ್ತು 14ಕೆ 585 ಅನ್ನೋದೂ ಒಂದು ಅಧಿಕೃತ ಹಾಲ್‌ಮಾರ್ಕ್. ನನ್ನ ಫೀಡ್‌ನಾಗ ದಿನಾ ಜಾಹೀರಾತು ಬರ್ತಾವ, 14 ಕ್ಯಾರಟ್ ಡೈಲಿವೇರ್ ಕಲೆಕ್ಷನ್ ಅಂತ, ಮಂಕು ಬಣ್ಣಕ್ಕ ರೋಸ್ ಗೋಲ್ಡ್ ಅಂತ ಹೆಸರಿಟ್ಟು.

ಮನೆಗೆ ಬಂದು ಎಲ್ಲರ ಮುಂದೆ ಹೇಳಿದೆ. ಆ ಮಾತು ಅಂದ ಹಿರಿಯರು ಈಗಿಲ್ಲ. ಅಜ್ಜಿಯ ಅಪ್ಪನೂ ಇಲ್ಲ. ಅವ್ವ ಅಡುಗೆ ಮನೆಯಿಂದ ಬಂದು ಸರ ಕೈಗೆ ತೊಗೊಂಡು ಬಹಳ ಹೊತ್ತು ನೋಡಿದಳು. ಕರಗಿಸೋ ಸುದ್ದಿ ಯಾರೂ ಎತ್ತಲಿಲ್ಲ.

ಅಜ್ಜಿ ನನ್ನ ಕ್ಯಾರಟ್ ಲೆಕ್ಕ ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಕೇಳಿದಳು: "ಹಂಗಾದ್ರ ನಮ್ಮಪ್ಪ ಎತ್ತು ಮಾರಿದ್ದು ಖರೆ ಬಂಗಾರಕ್ಕೇ ಹೌದಲ್ಲ?"

ಹೌದು ಅಂದೆ.

ದಾರ ಹಳೇದಾಗಿ ಪಿಸಿಯಾಗಿತ್ತು. ನಾಳೆ ಹೊಸ ದಾರ ಹಾಕಿಸಬೇಕು. ಮದುವಿ ಮುಂದಿನ ತಿಂಗಳು ಐತಿ, ಅಜ್ಜಿ ಹಾಕ್ಕೊಂಡ ಫೋಟೋ ಅವತ್ತು ಹಾಕ್ತೀನಿ.

#ಬೋರಮಾಳ #ಒರೆಗಲ್ಲು #ಗುರುಗುಂಟಾ #ಹಟ್ಟಿ #ಮಸ್ಕಿ #ನಮ್ಮೂರಇತಿಹಾಸ